ಹೆಸರಿಲ್ಲದ ಚೀಟಿಗಳು

ನಿವೃತ್ತಿಯಾಗಿ ಮೂರು ತಿಂಗಳಾಗಿದ್ದಾಗ ಮೂಡುಬಿದಿರೆಯ ಒಂದು ಕಾಲೇಜಿನವರು ನನ್ನನ್ನು ಕರೆಸಿದ್ದರು. ಪ್ರಯೋಗಾಲಯದ ಕೆಲಸ ಕಲಿಯುತ್ತಿರುವ ಮಕ್ಕಳಿಗೆ ಎಚ್‌ಐವಿ ಪರೀಕ್ಷೆಯ ಬಗ್ಗೆ ನಾಲ್ಕು ಮಾತು ಹೇಳಬೇಕಿತ್ತು. ಕಿಟ್ ಹೇಗೆ ಇಡಬೇಕು, ಫಲಿತಾಂಶ ಹೇಗೆ ಓದಬೇಕು ಎಂದು ಒಂದು ಗಂಟೆ ಮಾತಾಡಿದೆ. ಕೊನೆಗೆ ಹಿಂದಿನ ಬೆಂಚಿನಿಂದ ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು ಎದ್ದು, "ನಿಮಗ ಎಂದೂ ಹೆದರಿಕಿ ಆಗಿಲ್ಲೇನ್ರೀ ಮೇಡಂ?" ಎಂದು ಕೇಳಿದಳು. "ಕ್ರಮದ ಪ್ರಕಾರ ಮಾಡಿದರೆ ಹೆದರಲಿಕ್ಕೆ ಎಂತ ಉಂಟು?" ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಮನೆಗೆ ಬರುವ ಬಸ್ಸಿನಲ್ಲಿ ಕೂತ ಮೇಲೆ ನಾಚಿಕೆಯಾಯಿತು. ಆ ಮಗು ಕೇಳಿದ್ದು ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ. ನಾನು ಕೊಟ್ಟದ್ದು ಪರೀಕ್ಷೆಯ ಉತ್ತರ.

ಆದ್ದರಿಂದ ಈ ಕೆಲಸ ಕಲಿಯುತ್ತಿರುವ ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ, ಈ ಮೂರು ಕಡೆಗಳ ಸರಕಾರಿ ಕೆಲಸದಲ್ಲಿ ನನ್ನ ವಯಸ್ಸು ಕಳೆಯಿತು. ಯಾವಾಗ ಬಡ್ತಿಯಾಯಿತು, ಯಾರು ಶಾಲು ಹೊದಿಸಿದರು ಎಂಬುದರಿಂದ ನಿಮಗೆ ಪ್ರಯೋಜನವಿಲ್ಲ. ನಾನು ಮಾಡಿದ ಒಂದು ತಪ್ಪಿನಿಂದ ಪ್ರಯೋಜನವಾದೀತು. ಆಸ್ಪತ್ರೆಗಳ ಹೆಸರು ಹೇಳುವುದಿಲ್ಲ. ಜನರ ಹೆಸರುಗಳನ್ನು ಬದಲಿಸಿದ್ದೇನೆ. ಜಯಂತಿ ಎಂಬ ಹೆಸರನ್ನು ಆ ತಪ್ಪಿಗೆ ಈಡಾದವಳೇ ಆರಿಸಿಕೊಂಡಳು. ಬರೆದದ್ದನ್ನು ಅವಳಿಗೆ ಓದಿ ಹೇಳಿ, ಅವಳು ಒಪ್ಪಿದ ಮೇಲೆಯೇ ಹೊರಗೆ ಕೊಡುತ್ತಿದ್ದೇನೆ.

ನಾನು ಸೇರಿದ ಕಾಲದಲ್ಲಿ ಪ್ರಯೋಗಾಲಯವೆಂದರೆ ಮಲೇರಿಯಾದ ಸ್ಲೈಡು, ಕ್ಷಯದ ಕಫ, ಮೂತ್ರದ ಸಕ್ಕರೆ. ಎಚ್‌ಐವಿಯ ಕಿಟ್ಟುಗಳು ಬಂದದ್ದು ಎಷ್ಟೋ ವರ್ಷಗಳ ನಂತರ. ಅಷ್ಟು ಹೊತ್ತಿಗೆ ನಾನು ಬೆಳ್ತಂಗಡಿ ತಾಲೂಕಿನಲ್ಲಿದ್ದೆ. ನನ್ನ ಮೇಲಿನವರು ಪದ್ಮರಾಜಯ್ಯ ಎಂಬ ಹಿರಿಯ ತಂತ್ರಜ್ಞರು, ವೇಣೂರು ಕಡೆಯ ಜೈನ ಮನೆತನದವರು. ತೆಳ್ಳಗಿನ ಆಳು, ಮಾತು ಕಡಿಮೆ. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುತ್ತಿರಲಿಲ್ಲ. ಮನೆಯಿಂದ ತಂದ ಬುತ್ತಿ, ಮನೆಯಿಂದ ತಂದ ನೀರು; ಆಸ್ಪತ್ರೆಯ ಕ್ಯಾಂಟೀನಿನ ಮೆಟ್ಟಿಲನ್ನು ಅವರು ಹತ್ತಿದ್ದನ್ನು ನಾನು ನೋಡಿಲ್ಲ.

ಈ ಕಾಯಿಲೆಯ ಜೀವಶಾಸ್ತ್ರವನ್ನು ನನಗೆ ಬಿಡಿಸಿ ಹೇಳಿದವರು ಅವರು. ವೈರಸ್ಸು ಹೋಗಿ ಕೂರುವುದು ದೇಹದ ರಕ್ಷಣೆಗೆ ಅಪ್ಪಣೆ ಕೊಡುವ ಬಿಳಿಯ ಕಣಗಳ ಒಳಗೇ. ಅದಕ್ಕೇ ವರ್ಷಗಟ್ಟಲೆ ಮನುಷ್ಯ ಆರೋಗ್ಯವಾಗಿಯೇ ಕಾಣುತ್ತಾನೆ. ಆ ಕಣಗಳು ಸಾಕಷ್ಟು ಸತ್ತ ಮೇಲೆ, ಬೇರೆಯವರಿಗೆ ಏನೂ ಮಾಡದ ಸಣ್ಣ ಸೋಂಕು ಅವನನ್ನು ಮಲಗಿಸುತ್ತದೆ. ನಮ್ಮ ಕಿಟ್ಟು ನೋಡುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ಕಟ್ಟಿಕೊಂಡ ಪ್ರತಿಕಾಯವನ್ನು. "ಕಳ್ಳನನ್ನು ನಾವು ಕಾಣುವುದಿಲ್ಲ ವಾರಿಜಾ, ನಾಯಿ ಬೊಗಳುವುದನ್ನು ಕೇಳ್ತೇವೆ. ನಾಯಿಗೆ ಎಚ್ಚರ ಆಗ್ಲಿಕ್ಕೆ ಸ್ವಲ್ಪ ದಿನ ಬೇಕು," ಎಂದಿದ್ದರು. ಸೋಂಕು ತಗಲಿದ ಮೊದಲ ವಾರಗಳಲ್ಲಿ ಪರೀಕ್ಷೆ ಏನೂ ತೋರಿಸದಿರುವುದು ಇದರಿಂದ. ಒಂದು ಕಿಟ್ಟಿನಲ್ಲಿ ಪಾಸಿಟಿವ್ ಬಂದರೆ ಬೇರೆ ಬೇರೆ ತತ್ವದ ಇನ್ನೆರಡರಲ್ಲಿ ಅದೇ ರಕ್ತವನ್ನು ನೋಡಬೇಕು. ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಸಹಿ ಹಾಕಬೇಕು.

ಇದೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ಅವರು ಹಟ ಹಿಡಿದಿದ್ದ ಇನ್ನೊಂದು ಸಂಗತಿ ಮಾತ್ರ ಆಗ ಎಲ್ಲರೂ ಪಾಲಿಸುತ್ತಿರಲಿಲ್ಲ. ಎಚ್‌ಐವಿ ಪರೀಕ್ಷೆಯ ಚೀಟಿಯಲ್ಲಿ ಅವರು ಹೆಸರು ಬರೆಯುತ್ತಿರಲಿಲ್ಲ. ಒಂದು ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದೆಂಬ ಪುಸ್ತಕ ಕಪಾಟಿನಲ್ಲಿ, ಅದರ ಬೀಗದ ಕೈ ಅವರ ಜನಿವಾರದಲ್ಲಿ. ಆಗಿನ ವೈದ್ಯಾಧಿಕಾರಿಗೆ ಇದು ಸರಿಬರಲಿಲ್ಲ. ಹೆರಿಗೆ ಕೋಣೆಯ ನರ್ಸುಗಳಿಗೆ ಮೊದಲೇ ಗೊತ್ತಾಗಬೇಡವೇ, ಅವರ ಜೀವಕ್ಕೆ ಬೆಲೆಯಿಲ್ಲವೇ ಎಂಬುದು ಅವರ ವಾದ. ಗರ್ಭಿಣಿಯರ ಚೀಟಿಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಬೇಕೆಂದು ಹೇಳಿದರು. ಎಲ್ಲ ಹೆರಿಗೆಗೂ ಕೈಗವಸು ಹಾಕಿದರೆ ಗುರುತಿನ ಅಗತ್ಯವೇ ಇಲ್ಲ ಎಂದು ಪದ್ಮರಾಜಯ್ಯ ಅಷ್ಟೇ ಮೆಲ್ಲಗೆ ಹೇಳಿ ಒಳಗೆ ಬಂದರು. ಅವರು ಇರುವವರೆಗೆ ಕೆಂಪು ಶಾಯಿ ನಮ್ಮ ಮೇಜಿಗೆ ಬರಲಿಲ್ಲ.

ಆ ವರ್ಷ ಅವರು ಮಗಳ ಮದುವೆಗೆಂದು ಹತ್ತು ದಿನ ರಜೆ ಹಾಕಿದರು. ಆ ಹತ್ತು ದಿನಗಳಲ್ಲಿ ಜಯಂತಿ ಬಂದಳು.

ಪ್ರಾಯ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಐದು ತಿಂಗಳ ಬಸುರಿ. ಜೊತೆಯಲ್ಲಿ ಅತ್ತೆ. ಗಂಡ ಉಮೇಶನಿಗೆ ಗಲ್ಫಿನಲ್ಲಿ ಹೋಟೆಲಿನ ಕೆಲಸ. ರಜೆಯಲ್ಲಿ ಬಂದು ಹೋಗಿದ್ದ. ಎಲ್ಲ ಗರ್ಭಿಣಿಯರ ಹಾಗೆ ಅವಳ ರಕ್ತವನ್ನೂ ತೆಗೆದೆ. ಮೊದಲ ಕಿಟ್ಟಿನಲ್ಲಿ ಪಾಸಿಟಿವ್ ಎನ್ನುವ ಎರಡು ಗೆರೆ ಬಂದಾಗ ಕಿಟ್ಟು ಕೆಟ್ಟಿರಬೇಕು ಎಂದುಕೊಂಡೆ. ಎರಡನೆಯದರಲ್ಲೂ ಬಂತು. ಮೂರನೆಯದರಲ್ಲೂ ಬಂತು.

ಫಲಿತಾಂಶವನ್ನು ಹೇಳಬೇಕಾದವಳು ನಮ್ಮ ಆಪ್ತ ಸಮಾಲೋಚಕಿ ಲವೀನಾ. ಅವಳು ಬರುತ್ತಿದ್ದುದು ವಾರದಲ್ಲಿ ಎರಡೇ ದಿನ. ಅಂದು ಅವಳ ದಿನವಲ್ಲ. ಅವಳಿರುವ ದಿನ ಬನ್ನಿ ಎಂದು ಕಳಿಸಬಹುದಿತ್ತು. ಆದರೆ ಹೆರಿಗೆ ಕೋಣೆಯಲ್ಲಿ ನನ್ನ ಒಬ್ಬಳು ಗೆಳತಿ ನರ್ಸಾಗಿದ್ದಳು, ಅವಳಿಗೂ ಆಗ ದಿನ ತುಂಬುತ್ತಿತ್ತು. ನನ್ನ ತಲೆಯಲ್ಲಿ ಅವಳ ಮುಖವೇ ಇತ್ತು. ವೈದ್ಯಾಧಿಕಾರಿಯ ಮೇಜಿನಿಂದ ಕೆಂಪು ಪೆನ್ನು ತಂದು ಚೀಟಿಯ ಮೂಲೆಯಲ್ಲಿ ಮೂರು ಇಂಗ್ಲಿಷ್ ಅಕ್ಷರ ಬರೆದೆ. ಸಂಖ್ಯೆಯ ಪಕ್ಕದಲ್ಲಿ ಹೆಸರನ್ನೂ ಬರೆದೆ. ಮಡಚಿ ಅತ್ತೆಯ ಕೈಗೆ ಕೊಟ್ಟು, ಡಾಕ್ಟರ ಕೋಣೆಗೆ ಕೊಂಡುಹೋಗಿ ಎಂದೆ.

ಆ ಹೆಂಗಸಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸರತಿಯಲ್ಲಿ ಪಕ್ಕದಲ್ಲಿ ಕೂತಿದ್ದವರಿಗೆ ಬರುತ್ತಿತ್ತು. ಅವರು ಅದೇ ಊರಿನವರು. ಕೆಂಪಿನಲ್ಲಿ ಬರೆದದ್ದು ಎಂತದೆಂದು ಅತ್ತೆ ಅವರಲ್ಲಿ ಕೇಳಿದರಂತೆ, ಅವರು ಹೇಳಿದರಂತೆ. ಡಾಕ್ಟರ ಕೋಣೆಗೆ ಹೋಗದೆಯೇ ಅತ್ತೆ ಸೊಸೆಯನ್ನು ಕರೆದುಕೊಂಡು ಬಸ್ಸು ಹತ್ತಿದರು. ಜಯಂತಿಗೆ ಏನೂ ಗೊತ್ತಿರಲಿಲ್ಲ. ಅತ್ತೆ ಯಾಕೆ ಬೇರೆ ಸೀಟಿನಲ್ಲಿ ಕೂತರು ಎಂದು ದಾರಿಯುದ್ದಕ್ಕೂ ಯೋಚಿಸಿದಳಂತೆ.

ಮರುದಿನ ಬೆಳಿಗ್ಗೆ ನಾನು ಬಾಗಿಲು ತೆರೆಯುವ ಹೊತ್ತಿಗೆ ಅವರಿಬ್ಬರೂ ಜಗಲಿಯಲ್ಲಿದ್ದರು. ಜಯಂತಿಯ ಕಾಲ ಬಳಿ ಒಂದು ಬಟ್ಟೆಯ ಚೀಲ. ಅತ್ತೆ ನನ್ನ ಮುಖ ನೋಡದೆ ತುಳುವಿನಲ್ಲಿ ಹೇಳಿದರು: ಇವಳನ್ನು ನೀವೇ ಇಟ್ಟುಕೊಳ್ಳಿ, ನಮ್ಮ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಹೇಳಿ ಗೇಟಿನ ಕಡೆ ನಡೆದರು. ಅವರಲ್ಲಿ ಕೋಪಕ್ಕಿಂತ ಹೆದರಿಕೆಯೇ ಹೆಚ್ಚಿತ್ತು ಎಂದು ಇಂದು ಅನಿಸುತ್ತದೆ. ಆ ಹೊತ್ತಿಗೆ ನನಗೆ ಏನೂ ಅನಿಸಲಿಲ್ಲ.

ಜಯಂತಿಯನ್ನು ಒಳಗೆ ಕೂರಿಸಿದೆ. ಅವಳು ಅಳಲಿಲ್ಲ. ಮೇಜಿನ ಮೇಲಿನ ಕೊಳವೆಗಳನ್ನು ನೋಡುತ್ತ ಕೇಳಿದಳು:

"ಅಕ್ಕ, ರಕ್ತ ನನ್ನದಲ್ವಾ? ನನಗೆ ಹೇಳುವ ಮೊದಲು ಅವರಿಗೆ ಹೇಳಿದ್ದು ಯಾಕೆ?"

ಲವೀನಾಗೆ ಫೋನು ಮಾಡಿದೆ. ಅವಳು ರಜೆಯಲ್ಲೇ ಬಂದು, ಮಧ್ಯಾಹ್ನದವರೆಗೆ ಬಾಗಿಲು ಮುಚ್ಚಿ ಜಯಂತಿಯ ಜೊತೆ ಮಾತಾಡಿ, ಸಂಜೆಯ ಬಸ್ಸಿನಲ್ಲಿ ಪುಂಜಾಲಕಟ್ಟೆಯ ಬಳಿಯ ತವರುಮನೆಗೆ ಬಿಟ್ಟು ಬಂದಳು. ತವರಿನಲ್ಲಿ ತಾಯಿ ಒಬ್ಬರೇ ಇದ್ದರು. ಬೀಡಿ ಕಟ್ಟಿ ಜೀವನ.

ಪದ್ಮರಾಜಯ್ಯ ರಜೆ ಮುಗಿಸಿ ಬಂದ ದಿನ ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆಂದು ಕಾದಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಆದಿತ್ಯವಾರ ಅವಳ ಮನೆಗೆ ಹೋಗುವ, ನೀನು ಕ್ಷಮೆ ಕೇಳಬೇಕು ಎಂದರು. ಅಷ್ಟೇ.

ಹೋದೆವು. ಮನೆಯ ಜಗಲಿಯಲ್ಲಿ ತಾಯಿ ತಡಪೆ ಎನ್ನುವ ಮೊರದಲ್ಲಿ ಎಲೆ, ಹೊಗೆಸೊಪ್ಪು ಇಟ್ಟುಕೊಂಡು ಕೂತಿದ್ದರು. ಜಯಂತಿ ಒಳಗಿನ ಬಾಗಿಲ ಬಳಿ ನಿಂತಿದ್ದಳು. ಅವಳ ಮುಂದೆ ತಡಪೆಯಿರಲಿಲ್ಲ. ಅವಳೂ ಚಿಕ್ಕಂದಿನಿಂದ ಬೀಡಿ ಕಟ್ಟುತ್ತಿದ್ದವಳೇ. ನಾನು ಕ್ಷಮೆ ಕೇಳಿದೆ. ಏನು ಹೇಳಿದೆನೋ ನೆನಪಿಲ್ಲ. ತಾಯಿ ಅದನ್ನು ಕೇಳಿದ ಹಾಗೆಯೂ ಇರಲಿಲ್ಲ. ಅವರ ಚಿಂತೆ ಬೇರೆಯೇ ಇತ್ತು. ಮಗಳು ಮುಟ್ಟಿದ ಎಲೆಯಲ್ಲಿ ಕಟ್ಟಿದ ಬೀಡಿಯನ್ನು ಯಾರೋ ಬಾಯಿಗೆ ಇಡುತ್ತಾರೆ. ಅವರಿಗೆ ಏನಾದರೂ ಆದರೆ? ಕಟ್ಟಿದ ಬೀಡಿ ಕೊಳ್ಳುವ ಬ್ರಾಂಚಿನವರಿಗೆ ಸುದ್ದಿ ಸಿಕ್ಕಿ ತನ್ನ ಬೀಡಿಯನ್ನೂ ಬೇಡವೆಂದರೆ?

ಪದ್ಮರಾಜಯ್ಯ ಜಗಲಿಯ ಅಂಚಿನಲ್ಲಿ ಕೂತು, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ವಿವರಿಸಿದರು. ಈ ವೈರಸ್ಸಿಗೆ ದೇಹದ ಹೊರಗೆ ಬದುಕುವ ಶಕ್ತಿಯಿಲ್ಲ. ಎಲೆಯಿಂದ, ಬಟ್ಟಲಿನಿಂದ, ಬೆವರಿನಿಂದ, ಸೊಳ್ಳೆಯಿಂದ ಬರುವುದಿಲ್ಲ. ರಕ್ತದಿಂದ, ಗಂಡು ಹೆಣ್ಣಿನ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ ಬರಬಹುದು, ಅಷ್ಟೇ. ತಾಯಿ ತಲೆಯಾಡಿಸಿದರು; ನಂಬಿದ್ದಾರೆಂದು ಅನಿಸಲಿಲ್ಲ. ಆಗ ಪದ್ಮರಾಜಯ್ಯ ಜಯಂತಿಯ ಕಡೆ ತಿರುಗಿ, "ಮಗಾ, ನನಗೆ ಒಂದು ಲೋಟ ನೀರು ಕೊಡ್ತೀಯಾ?" ಎಂದರು.

ಅವಳು ತಾಯಿಯ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ತಂದಳು. ಅವರು ಕಿಸೆಯಿಂದ ಬಿಳಿಯ ಬಟ್ಟೆ ತೆಗೆದು, ತಮ್ಮ ಕ್ರಮದಂತೆ ನೀರನ್ನು ಇನ್ನೊಂದು ಲೋಟಕ್ಕೆ ಸೋಸಿ, ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. ಬೇರೆಯವರ ಮನೆಯಲ್ಲಿ ಅವರು ನೀರು ಕುಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ತಾಯಿಗೆ ಅವರ ನಿಯಮ ಗೊತ್ತಿರಲಿಕ್ಕಿಲ್ಲ. ಆದರೂ ನಾವು ಹೊರಡುವಾಗ ಜಯಂತಿಯ ಮುಂದೆ ಒಂದು ತಡಪೆ ಇತ್ತು.

ಉಮೇಶ ಮರಳಿ ಬಂದದ್ದು ಅದಾಗಿ ಎರಡು ತಿಂಗಳಿಗೆ. ಅಲ್ಲಿ ವೀಸಾ ನವೀಕರಣಕ್ಕೆ ರಕ್ತ ಕೊಟ್ಟಿದ್ದ. ಯಾವ ಕಾರಣವನ್ನೂ ಹೇಳದೆ, ಕೋಣೆಯಿಂದ ಬಟ್ಟೆ ತರಲೂ ಬಿಡದೆ ವಿಮಾನಕ್ಕೆ ಹತ್ತಿಸಿದರಂತೆ. ಅನ್‌ಫಿಟ್ ಎಂಬ ಒಂದು ಪದ ಮಾತ್ರ ಅವನಿಗೆ ಗೊತ್ತಿತ್ತು. ಇಲ್ಲಿ ಅವನ ರಕ್ತ ನೋಡಿದವಳೂ ನಾನೇ. ಗಲ್ಫಿಗೆ ಮೊದಲು ನಾಲ್ಕು ವರ್ಷ ಮುಂಬಯಿಯ ಹೋಟೆಲಿನಲ್ಲಿದ್ದೆ, ಅಲ್ಲಿಯದೇ ಇರಬೇಕು ಎಂದು ನೆಲ ನೋಡುತ್ತ ಲವೀನಾಗೆ ಹೇಳಿದ. ಗಲ್ಫಿಗೆ ಹೋಗುವ ಮೊದಲಿನ ಪರೀಕ್ಷೆಯ ಹೊತ್ತಿಗೆ ನಾಯಿಗೆ ಇನ್ನೂ ಎಚ್ಚರ ಆಗಿರಲಿಕ್ಕಿಲ್ಲ. ಮನೆಯವರು ಸೊಸೆಯನ್ನು ಹೊರಗೆ ಹಾಕಿದ್ದರು. ಮಗನನ್ನು ಹಾಕಲಿಲ್ಲ. ಅವನಿಗೆ ಕಾಯಿಲೆ ತಂದವಳು ಅವಳೇ ಎಂದು ಅತ್ತೆ ಊರಿಗೆಲ್ಲ ಹೇಳಿದ್ದರು. ಅವನು ಅಲ್ಲ ಎನ್ನಲಿಲ್ಲ. ಜಯಂತಿಗೆ ಗಂಡನ ಮೇಲೆ ಇಂದಿಗೂ ಇರುವ ಸಿಟ್ಟು ಅದೊಂದೇ. ರೋಗ ತಂದದ್ದಕ್ಕೆ ಸಿಟ್ಟಿಲ್ಲ, ಆ ಮೌನಕ್ಕೆ ಉಂಟು ಎನ್ನುತ್ತಾಳೆ.

ಸರಕಾರ ಉಚಿತವಾಗಿ ಮಾತ್ರೆ ಕೊಡಲು ಆಗಷ್ಟೇ ಶುರು ಮಾಡಿತ್ತು. ಆದರೆ ಅದಕ್ಕೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಊರಿನವರು ಯಾರಾದರೂ ನೋಡಿದರೆ ಎಂದು ಉಮೇಶ ಹೋಗಲಿಲ್ಲ. ಲವೀನಾ ಮೂರು ಸಲ ಮನೆಗೆ ಹೋಗಿ ಕರೆದಳು. ಹೋಗುವ ಹೊತ್ತಿಗೆ ಕ್ಷಯ ಎರಡೂ ಶ್ವಾಸಕೋಶಕ್ಕೆ ಹಬ್ಬಿತ್ತು, ರಕ್ಷಣೆಯ ಕಣಗಳು ಎಣಿಸುವಷ್ಟು ಉಳಿದಿರಲಿಲ್ಲ. ಔಷಧ ಇತ್ತು, ಬಸ್ಸು ಇತ್ತು. ನಾಚಿಕೆಯಿಂದ ಅವನು ತೀರಿಕೊಂಡ ಎಂದೇ ನಾನು ತಿಳಿದಿದ್ದೇನೆ, ಮರಣದ ದಾಖಲೆಯಲ್ಲಿ ಬೇರೆ ಏನೇ ಬರೆದಿರಲಿ.

ಜಯಂತಿಗೆ ಹೆಣ್ಣು ಮಗು ಹುಟ್ಟಿತು. ಹೆರಿಗೆ ಮಾಡಿಸಿದವಳು ನಾನು ಯಾರ ಮುಖ ನೆನೆದು ಕೆಂಪು ಪೆನ್ನು ಹಿಡಿದಿದ್ದೆನೋ ಅದೇ ಗೆಳತಿ. ಅಷ್ಟರಲ್ಲಿ ಅವಳು ತನ್ನ ಹೆರಿಗೆ ಮುಗಿಸಿ ಕೆಲಸಕ್ಕೆ ಮರಳಿದ್ದಳು. ಕೈಗವಸು ಹಾಕಿಕೊಂಡು, ಬೇರೆ ಎಲ್ಲರಿಗೆ ಮಾಡುವ ಹಾಗೆಯೇ ಮಾಡಿದಳು. ನೋವು ಶುರುವಾದಾಗ ತಾಯಿಗೆ ಒಂದು ಮಾತ್ರೆ, ಹುಟ್ಟಿದ ಮೇಲೆ ಮಗುವಿಗೆ ಕೆಲವು ಹನಿ ಔಷಧ. ಸೋಂಕು ದಾಟದಂತೆ ಆ ಕಾಲದಲ್ಲಿ ನಮ್ಮ ಕೈಯಲ್ಲಿದ್ದದ್ದು ಅಷ್ಟೇ. ಮಗುವಿಗೆ ದೀಕ್ಷಾ ಎಂದು ಹೆಸರಿಟ್ಟರು.

ಒಂಬತ್ತು ತಿಂಗಳಾಗಿದ್ದಾಗ ಮಗುವಿಗೆ ಜ್ವರ ಬಂತು. ಯಾರದೋ ಮಾತು ಕೇಳಿ ಜಯಂತಿಯ ತಾಯಿ ಒಂದು ಖಾಸಗಿ ಲ್ಯಾಬಿಗೆ ಕರೆದುಕೊಂಡು ಹೋಗಿ ರಕ್ತ ಕೊಡಿಸಿದರು. ಪಾಸಿಟಿವ್ ಎಂದು ಬರೆದು ಕೊಟ್ಟರು. ಜಯಂತಿ ಆ ಕಾಗದ ಹಿಡಿದು ನನ್ನ ಕೋಣೆಗೆ ಬಂದಾಗ ಅವಳ ಮುಖ ನೋಡಿ ನಾನು ಎದ್ದು ಬಾಗಿಲು ಮುಚ್ಚಿದೆ. ಮಗು ಅವಳ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು. ಇನ್ನು ತಾನೂ ಮಗುವೂ ಇರುವುದರಲ್ಲಿ ಅರ್ಥವಿಲ್ಲ ಎಂದಳು. ಸುಮ್ಮನೆ ಹೇಳುವ ಮಾತು ಅದಾಗಿರಲಿಲ್ಲ.

ನಾನು ಕಾಗದ ಪಕ್ಕಕ್ಕಿಟ್ಟು ಹೇಳಿದೆ. ಹೊಟ್ಟೆಯಲ್ಲಿದ್ದಾಗ ತಾಯಿಯ ಪ್ರತಿಕಾಯಗಳು ಮಗುವಿನ ರಕ್ತಕ್ಕೆ ಹೋಗಿರುತ್ತವೆ. ಅವು ಪೂರ್ತಿ ಕರಗಲು ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ಈ ಪರೀಕ್ಷೆ ಕಾಣುವುದು ತಾಯಿಯ ರಕ್ತದ ಗುರುತು.

"ಇದು ನಿನ್ನದಿರಬಹುದು, ಮಗುವಿನದ್ದೇ ಅಂತ ಹೇಳ್ಲಿಕ್ಕೆ ಈಗ ಯಾರಿಂದಲೂ ಆಗುವುದಿಲ್ಲ," ಎಂದೆ.

"ಹಾಗಾದರೆ ಮಗುವಿಗೆ ಇಲ್ಲ ಅಂತ ಹೇಳಿ."

"ಅದನ್ನೂ ಈಗ ಹೇಳ್ಲಿಕ್ಕೆ ಆಗುವುದಿಲ್ಲ ಜಯಂತಿ. ಇನ್ನು ಒಂಬತ್ತು ತಿಂಗಳು ಕಾಯಬೇಕು."

ಇಲ್ಲ ಎಂದು ಹೇಳಿಬಿಡಲು ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ನಿಮಗೂ ಇಂಥ ಗಳಿಗೆ ಬರುತ್ತದೆ. ಅವರ ಕಣ್ಣು ನೋಡಿ ಒಳ್ಳೆಯ ಸುಳ್ಳೊಂದನ್ನು ಹೇಳಬೇಕೆನಿಸುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ಆಮೇಲೆ ಅವರನ್ನು ಒಬ್ಬರೇ ಬಿಡಬೇಡಿ. ಲವೀನಾ ವಾರಕ್ಕೊಮ್ಮೆ ಆ ಮನೆಗೆ ಹೋದಳು. ನಾನು ತಿಂಗಳಿಗೊಮ್ಮೆ ಹೋದೆ. ಜಯಂತಿ ಮಾತ್ರೆಗೆ ಹೆಸರು ಬರೆಸಿದಳು, ಸಾಲಿನಲ್ಲಿ ನಿಂತಳು.

ಹದಿನೆಂಟು ತಿಂಗಳು ತುಂಬಿದ ಮರುದಿನವೇ ಬಂದರು. ಅಷ್ಟು ಸಣ್ಣ ಕೈಯಲ್ಲಿ ನರ ಹುಡುಕುವುದು ಸುಲಭವಲ್ಲ. ಮಗು ಕಿರುಚಿತು, ಜಯಂತಿ ಗೋಡೆಗೆ ಮುಖ ಮಾಡಿ ನಿಂತಳು. ಪದ್ಮರಾಜಯ್ಯ ಬೇರೆ ಕೆಲಸವೆಲ್ಲ ಬದಿಗಿಟ್ಟು ನನ್ನ ಪಕ್ಕ ಕೂತರು. ಕಿಟ್ಟಿನ ಮೇಲೆ ಒಂದೇ ಗೆರೆ ಬಂತು. ಹೇಳಿದ ಸಮಯ ಮುಗಿಯುವವರೆಗೂ ಇಬ್ಬರೂ ಕಣ್ಣು ತೆಗೆಯಲಿಲ್ಲ. ಎರಡನೆಯ ಗೆರೆ ಬರಲಿಲ್ಲ. ಈ ಸಲ ಜಯಂತಿಗೇ ಮೊದಲು ಹೇಳಿದೆ. ಅವಳು ಮಗುವನ್ನು ನನ್ನ ಕೈಗೆ ಕೊಟ್ಟು ಹೊರಗಿನ ನಳ್ಳಿಯಲ್ಲಿ ಮುಖ ತೊಳೆದು ಬಂದಳು.

ಕೆಲವು ವರ್ಷಗಳ ಮೇಲೆ ನನಗೆ ಬಂಟ್ವಾಳಕ್ಕೆ ವರ್ಗವಾಯಿತು. ಪದ್ಮರಾಜಯ್ಯ ನಿವೃತ್ತರಾದರು. ಜಯಂತಿಯ ಆರೋಗ್ಯ ಸುಧಾರಿಸಿ ಅವಳು ಸೋಂಕಿತರ ನಡುವೆಯೇ ಕೆಲಸ ಮಾಡುವ ಒಂದು ಸಂಘಕ್ಕೆ ಸೇರಿದಳು. ಮಾತ್ರೆ ಬಿಟ್ಟವರ ಮನೆ ಹುಡುಕಿಕೊಂಡು ಹೋಗುವುದು, ಹೆದರಿದವರನ್ನು ಕೈಹಿಡಿದು ಪರೀಕ್ಷೆಗೆ ಕರೆತರುವುದು. ಹಾಗೆ ನನ್ನ ಕೋಣೆಗೂ ಬಂದು ಹೋಗುತ್ತಿದ್ದಳು.

ಬಂಟ್ವಾಳದಲ್ಲಿದ್ದಾಗಲೇ ನನ್ನ ಬೆರಳಿಗೆ ಸೂಜಿ ಚುಚ್ಚಿತು. ಸೋಂಕಿದೆಯೆಂದು ಗೊತ್ತಿದ್ದ ಒಬ್ಬರ ರಕ್ತ ತೆಗೆದು, ಸೂಜಿಗೆ ಮರಳಿ ಮುಚ್ಚಳ ಹಾಕಲು ಹೋದೆ. ಹಾಕಬಾರದು ಎಂದು ಎಷ್ಟೋ ತರಬೇತಿಗಳಲ್ಲಿ ಬೇರೆಯವರಿಗೆ ಹೇಳಿಕೊಟ್ಟವಳು ನಾನು. ಅಂದು ಸರತಿ ಉದ್ದವಿತ್ತು, ಕೈ ಹಳೆಯ ಅಭ್ಯಾಸಕ್ಕೆ ಹೋಯಿತು. ಕೈಗವಸಿನ ಒಳಗೆ ಸಣ್ಣ ರಕ್ತದ ಚುಕ್ಕೆ. ಸೋಪಿನಲ್ಲಿ ತೊಳೆದು, ವೈದ್ಯರಿಗೆ ಹೇಳಿ, ಎರಡು ಗಂಟೆಯೊಳಗೆ ಮಾತ್ರೆ ಶುರು ಮಾಡಿದೆ. ಇಪ್ಪತ್ತೆಂಟು ದಿನ ನುಂಗಬೇಕು. ಇಂಥ ಚುಚ್ಚುವಿಕೆಯಿಂದ ಸೋಂಕು ತಗಲುವುದು ತೀರ ಅಪರೂಪ, ಬೇಗ ಮಾತ್ರೆ ತೆಗೆದುಕೊಂಡರೆ ಇನ್ನೂ ಅಪರೂಪ. ಇದೆಲ್ಲ ನನಗೆ ಬಾಯಿಪಾಠ.

ಮನೆಯಲ್ಲಿ ಹೇಳಲಿಲ್ಲ. ನನ್ನ ಯಜಮಾನರು ಪ್ರಾಥಮಿಕ ಶಾಲೆಯ ಮೇಷ್ಟ್ರು, ಒಂದು ಮಾತನ್ನೂ ಏರಿಸಿ ಆಡಿದವರಲ್ಲ. ಅವರ ಹತ್ತಿರವೂ ಹೇಳಲಿಲ್ಲ. ಮೈ ಸರಿಯಿಲ್ಲ ಎಂದು ಮಗಳ ಕೋಣೆಯಲ್ಲಿ ಮಲಗಲು ಶುರು ಮಾಡಿದೆ. ಅದಕ್ಕೆ ಕಾರಣವಾದರೂ ಇತ್ತು. ನನ್ನ ಟವೆಲನ್ನು ಹಿತ್ತಿಲಿನ ಬೇರೆ ಹಗ್ಗದಲ್ಲಿ ಒಣಗಿಸತೊಡಗಿದ್ದಕ್ಕೆ ಯಾವ ಕಾರಣವೂ ಇರಲಿಲ್ಲ. ಲೋಟವನ್ನು ಬೇರೆ ಇಟ್ಟೆ. ಬಟ್ಟಲಿನಿಂದ ಬರುವುದಿಲ್ಲ, ಬಟ್ಟೆಯಿಂದ ಬರುವುದಿಲ್ಲ ಎಂದು ಸಾವಿರ ಜನರಿಗೆ ಹೇಳಿದ ಬಾಯಿ ನನ್ನದು. ಮಾತ್ರೆಯಿಂದ ತಲೆ ತಿರುಗುತ್ತಿತ್ತು, ಅನ್ನ ಕಂಡರೆ ಹೊಟ್ಟೆ ತೊಳಸುತ್ತಿತ್ತು. ಜಯಂತಿಯ ಅತ್ತೆ ನನ್ನೊಳಗೇ ಇದ್ದರು.

ಆರನೆಯ ದಿನವೋ ಏಳನೆಯ ದಿನವೋ ಜಯಂತಿ ಯಾರನ್ನೋ ಕರೆದುಕೊಂಡು ಬಂದಳು. ನಾನು ಗೋಡೆ ಹಿಡಿದು ನಿಂತದ್ದನ್ನು ನೋಡಿದಳು. ಬಂದವರ ಕೆಲಸ ಮುಗಿಸಿ ಹೊರಗೆ ಕೂರಿಸಿ ಒಬ್ಬಳೇ ಒಳಗೆ ಬಂದಳು.

"ಯಾವ ಮಾತ್ರೆ ಅಕ್ಕ?"

ನಾನು ಏನೋ ಹೇಳಲು ಹೋದೆ. ಅವಳು ಕಾಯಲಿಲ್ಲ.

"ಮಾತ್ರೆ ತೆಗೊಳ್ಳುವ ಮೊದಲು ಎಣ್ಣೆಯದ್ದು ತಿನ್ನಬೇಡಿ. ಎರಡು ವಾರದಲ್ಲಿ ತಲೆ ತಿರುಗುವುದು ಕಡಿಮೆ ಆಗ್ತದೆ. ನನಗೂ ಹೀಗೇ ಆಗಿತ್ತು." ಆಮೇಲೆ, "ಮನೆಯಲ್ಲಿ ಹೇಳಿದ್ದೀರಾ?" ಎಂದಳು.

ನಾನು ಮೇಜಿನ ಮೇಲಿನ ಕೊಳವೆಗಳನ್ನು ಜೋಡಿಸತೊಡಗಿದೆ. ಅವಳಿಗೆ ಅರ್ಥವಾಯಿತು. ನನ್ನನ್ನು ಹಂಗಿಸಲು ಅವಳಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಬೇರೆ ಇರಲಿಲ್ಲ. ಹಂಗಿಸಲಿಲ್ಲ. ಇವತ್ತೇ ಹೇಳಿ, ನೀವೇ ಹೇಳಿ, ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗುವುದು ಬೇಡ ಎಂದಳು.

ಅಂದು ಶಾಲೆ ಬಿಟ್ಟು ಬಂದ ಯಜಮಾನರಿಗೆ ಚಹಾ ಕೊಟ್ಟು ಹೇಳಿದೆ. ಅವರು ಚಹಾ ಮುಗಿಸಲಿಲ್ಲ. ಏಳು ದಿನ ನನ್ನ ಹತ್ತಿರ ಯಾಕೆ ಹೇಳಲಿಲ್ಲ ಎಂದು ಒಂದೇ ಸಲ ಕೇಳಿದರು. ನನಗೆ ಅಳು ಬಂತು. ಆಮೇಲೆ ಅವರು ಹಿತ್ತಿಲಿಗೆ ಹೋಗಿ ನನ್ನ ಟವೆಲನ್ನು ಆ ಹಗ್ಗದಿಂದ ತೆಗೆದು ತಮ್ಮ ಅಂಗಿಯ ಪಕ್ಕದಲ್ಲಿ ಹಾಕಿ ಬಂದರು. ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಆಸ್ಪತ್ರೆಯಲ್ಲಿ ನನ್ನ ರಕ್ತ ನೋಡಿದರು. ಸೋಂಕಿರಲಿಲ್ಲ. ಪ್ರತಿ ಸಲವೂ ಕಿಟ್ಟಿನ ಮುಂದೆ ಕಾಯುವ ಆ ಕೆಲವು ನಿಮಿಷ ಎಷ್ಟು ಉದ್ದವೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಬಾಗಲಕೋಟೆಯ ಆ ಹುಡುಗಿಗೆ ಹೇಳಬೇಕಿದ್ದದ್ದು ಇದನ್ನು.

ನನ್ನ ಕೊನೆಯ ವರ್ಷಗಳು ಮೂಡುಬಿದಿರೆಯಲ್ಲಿ ಕಳೆದವು. ಕೆಲಸದ ಕ್ರಮ ಪೂರ್ತಿ ಬದಲಾಗಿತ್ತು. ರಕ್ಷಣೆಯ ಕಣಗಳು ಕಡಿಮೆಯಾಗಲೆಂದು ಕಾಯದೆ ಪಾಸಿಟಿವ್ ಎಂದು ಖಚಿತವಾದ ಕೂಡಲೇ ಮಾತ್ರೆ ಶುರು ಮಾಡುತ್ತಾರೆ. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದೆರಡು ತೊಟ್ಟು ರಕ್ತವನ್ನು ಕಾಗದದ ಮೇಲೆ ಒಣಗಿಸಿ ಕಳಿಸಿದರೆ, ಆರು ವಾರಕ್ಕೇ ವೈರಸ್ಸು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಜಯಂತಿ ಕಾದ ಹಾಗೆ ಯಾವ ತಾಯಿಯೂ ಕಾಯಬೇಕಿಲ್ಲ. ವೈರಲ್ ಲೋಡ್ ಎಂಬ ಪರೀಕ್ಷೆ ರಕ್ತದಲ್ಲಿ ವೈರಸ್ಸು ಎಷ್ಟಿದೆಯೆಂದು ಹೇಳುತ್ತದೆ. ತಪ್ಪದೆ ಮಾತ್ರೆ ತೆಗೆದುಕೊಂಡವರಲ್ಲಿ ಅದು ಲೆಕ್ಕಕ್ಕೆ ಸಿಗದಷ್ಟು ಇಳಿಯುತ್ತದೆ, ಹಾಗಿರುವವರೆಗೆ ಸಂಗಾತಿಗೆ ಸೋಂಕು ದಾಟುವುದಿಲ್ಲ. ಕಾಲೇಜಿನ ಮಕ್ಕಳು ತಾವಾಗಿಯೇ ಪರೀಕ್ಷೆಗೆ ಬರುತ್ತಾರೆ, ಫೋನು ನೋಡುತ್ತ ಸರತಿಯಲ್ಲಿ ಕೂರುತ್ತಾರೆ. ಅದನ್ನು ನೋಡಿ ಸಂತೋಷಪಡುತ್ತಿದ್ದೆ. ಆದರೆ ಬಾಡಿಗೆ ಮನೆ ಸಿಗದವರು, ಮದುವೆ ನಿಂತುಹೋದವರು ಈಗಲೂ ಅದೇ ಕೋಣೆಗೆ ಬರುತ್ತಿದ್ದರು. ಕಿಟ್ಟು ಬದಲಾದಷ್ಟು ಬೇಗ ಊರು ಬದಲಾಗಲಿಲ್ಲ.

ಸೇವೆಯ ಕೊನೆಯ ಮಳೆಗಾಲದಲ್ಲಿ ಜಯಂತಿ ಫೋನು ಮಾಡಿದಳು. ದೀಕ್ಷಾ ಮೂಡುಬಿದಿರೆಯಲ್ಲೇ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಓದುತ್ತಿದ್ದಳು. ತರಬೇತಿಗೆ ಅವಳನ್ನು ಹಾಕಿದ್ದು ನನ್ನ ಪ್ರಯೋಗಾಲಯಕ್ಕೆ. ಮಗಳಿಗೆ ತಾಯಿಯ ಕಾಯಿಲೆಯ ವಿಷಯ ಗೊತ್ತಿರಲಿಲ್ಲ. ತಂದೆ ಕ್ಷಯದಿಂದ ತೀರಿಕೊಂಡರು, ತಾಯಿ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾಳೆ, ಸಮಾಜಸೇವೆಯ ಸಂಘದಲ್ಲಿ ಕೆಲಸ ಎಂದಷ್ಟೇ ತಿಳಿದಿದ್ದಳು. ಊರಿನ ಬಾಯಿಗೆ ಹೆದರಿ ಜಯಂತಿ ಅವಳನ್ನು ಹಾಸ್ಟೆಲಿನಲ್ಲೇ ಓದಿಸಿದ್ದಳು. ಈಗ ಏನು ಮಾಡುವುದು ಎಂದು ಕೇಳಿದಳು.

ನನ್ನಿಂದ ಒಂದಕ್ಷರವೂ ಹೊರಗೆ ಹೋಗುವುದಿಲ್ಲ ಎಂದೆ. ಹೇಳಬೇಕೋ ಬೇಡವೋ ಎಂಬುದನ್ನು ನೀನೇ ತೀರ್ಮಾನಿಸು ಎಂದೆ. ಸಲಹೆ ಕೊಡಲಿಲ್ಲ. ನನಗೆ ಆ ಹಕ್ಕಿದೆಯೆಂದು ಅನಿಸಲಿಲ್ಲ.

ದೀಕ್ಷಾ ಎರಡು ತಿಂಗಳು ನನ್ನ ಬಳಿ ಕೆಲಸ ಕಲಿತಳು. ಚುರುಕು ಹುಡುಗಿ, ನರ ಹಿಡಿಯುವುದರಲ್ಲಿ ಒಳ್ಳೆಯ ಕೈ. ರಕ್ತ ಕೊಡಲು ಬಂದವರನ್ನು ಅಕ್ಕ, ಅಣ್ಣ ಎಂದು ಮಾತಾಡಿಸುತ್ತಲೇ ಸೂಜಿ ಹಾಕಿಬಿಡುತ್ತಿದ್ದಳು. ಅವಳು ಏನಾದರೂ ಕೇಳಿದಾಗಲೆಲ್ಲ ನನಗೆ ಆ ಸಣ್ಣ ಕೈ, ಆ ಒಂದೇ ಗೆರೆ ಕಣ್ಣಿಗೆ ಬರುತ್ತಿತ್ತು. ಮಾತು ತಪ್ಪೀತೆಂದು ಬೇರೆ ಕಡೆ ನೋಡಿ ಉತ್ತರ ಕೊಡುತ್ತಿದ್ದೆ.

ತರಬೇತಿ ಮುಗಿಯುವ ವಾರ, ಒಂದು ಬೆಳಿಗ್ಗೆ ಜಯಂತಿ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು. ದೀಕ್ಷಾಳಿಗೆ ಆಶ್ಚರ್ಯವಾಯಿತು, ಎಂತ ಅಮ್ಮ ಹೇಳದೆ ಬಂದದ್ದು ಎಂದಳು. ಜಯಂತಿ ನನ್ನ ಕಡೆ ತಿರುಗಿ, "ವಾರಿಜಕ್ಕ, ನೀವು ಸ್ವಲ್ಪ ಹೊರಗೆ ನಿಲ್ತೀರಾ? ನನಗೆ ಮಗಳ ಹತ್ರ ಒಂದು ವಿಷಯ ಹೇಳ್ಲಿಕ್ಕೆ ಉಂಟು," ಎಂದಳು.

ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡು ಅದರ ಮುಂದೆ ನಿಂತೆ. ಸರತಿಯವರಿಗೆ ಸ್ವಲ್ಪ ತಡವಾಗುತ್ತದೆ ಎಂದು ಹೇಳಿದೆ. ಒಳಗಿನಿಂದ ಜಯಂತಿಯ ಸ್ವರ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಆಮೇಲೆ ಸ್ವರವೂ ಕೇಳಲಿಲ್ಲ. ಅರ್ಧ ಗಂಟೆ ಕಳೆದಿರಬೇಕು. ಒಳಗೆ ಏನು ಮಾತಾಡಿದರು ಎಂದು ನಾನು ಕೇಳಿಲ್ಲ, ಅವರಿಬ್ಬರೂ ಹೇಳಿಲ್ಲ.

ಬಾಗಿಲು ತೆಗೆದವಳು ದೀಕ್ಷಾ. ಕಣ್ಣು ಕೆಂಪಾಗಿತ್ತು. ನನ್ನನ್ನು ಒಳಗೆ ಬಿಟ್ಟು ಬಾಗಿಲು ಮುಚ್ಚಿದಳು. ಜಯಂತಿ ರಕ್ತ ಕೊಡುವ ಕುರ್ಚಿಯಲ್ಲಿ ಕೂತು ರವಿಕೆಯ ತೋಳು ಮೇಲೆ ಸರಿಸುತ್ತಿದ್ದಳು.

"ಮೇಡಂ, ಅಮ್ಮನಿಗೆ ಈ ವರ್ಷದ ವೈರಲ್ ಲೋಡ್ ಆಗಲಿಲ್ಲವಂತೆ. ರಕ್ತ ನಾನು ತೆಗೆಯಬಹುದಾ?"

ಕೈ ತೋರಿಸಲು ದೀಕ್ಷಾಳಿಗೆ ಹೇಳಿದೆ. ಚಾಚಿದಳು. ಬೆರಳುಗಳು ನಡುಗುತ್ತಿದ್ದವು.

"ಹೀಗಿರುವಾಗ ಬೇಡ. ನಡುಕ ನಿಲ್ಲಲಿ," ಎಂದೆ.

ದೀಕ್ಷಾ ಸ್ಟೂಲು ಎಳೆದು ತಾಯಿಯ ಎದುರು ಕೂತಳು. ಜಯಂತಿ ಚಾಚಿದ ತೋಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹೊರಗೆ ಯಾರೋ ಬಾಗಿಲು ತಟ್ಟಿದರು, ನಾನು ತೆರೆಯಲಿಲ್ಲ. ದೀಕ್ಷಾಳ ಕೈ ನಡುಗುವುದು ನಿಲ್ಲುವವರೆಗೆ ಮೂವರೂ ಕಾದೆವು.